ಹಲ್ಲು ಕೀಳ್ಸೋದು ಉಳಿತಾಯ ಅಲ್ಲ, ನಷ್ಟ

ಭಾಗ 1/8: ಈ ಒಂದು ಮಾತು ನಿಲ್ಲಿಸಿ

"ಹಲ್ಲು ನೋವಾ? ಕೀಳ್ಸಿ ಬಿಡು ಮಾರಾಯ. ಒಂದೇ ಸಲಕ್ಕೆ ಕಿರಿಕಿರಿ ಮುಗೀತದೆ."

ಈ ಮಾತು ನೀವೂ ಕೇಳಿದ್ದೀರಿ. ಅಂಕೋಲಾ ಬಸ್ ಸ್ಟ್ಯಾಂಡಲ್ಲಿ, ಕಾರವಾರದ ಭಾನುವಾರದ ಸಂತೆಲಿ, ಮದುವೆ ಊಟದ ಪಂಕ್ತಿಲಿ, ನಮ್ಮ ಕಾಲೇಜಿನ ಕ್ಯಾಂಟೀನಲ್ಲಿ. ಹೇಳೋರು ಕೆಟ್ಟವರಲ್ಲ. ನಮ್ಮ ಮಾವ, ಚಿಕ್ಕಮ್ಮ, ಪಕ್ಕದ ಮನೆಯವರು. ಪ್ರೀತಿಯಿಂದಲೇ ಹೇಳ್ತಾರೆ. ಆದ್ರೆ ಪ್ರೀತಿಯಿಂದ ಹೇಳಿದ ಮಾತ್ರಕ್ಕೆ ಸಲಹೆ ಸರಿ ಆಗೋದಿಲ್ಲ.

ಬೈಕ್ ಪಂಕ್ಚರ್ ಆದ್ರೆ ಚಕ್ರ ಕಿತ್ತು ಬಿಸಾಡಿ ಅಂತ ಯಾರೂ ಹೇಳೋದಿಲ್ಲ. ಮಳೆಗಾಲದಲ್ಲಿ ಹಂಚು ಒಡೆದ್ರೆ ಮಾಡು ಇಳಿಸಿ ಅನ್ನೋದಿಲ್ಲ. ಮೊಬೈಲ್ ಸ್ಕ್ರೀನ್ ಬಿರುಕು ಬಿಟ್ರೆ ರಿಪೇರಿಗೆ ಸಾಲ ಮಾಡೋಕೂ ರೆಡಿ. ಹಲ್ಲಿಗೆ ಮಾತ್ರ ನೇರ ಮರಣದಂಡನೆ.

ನಮ್ಮ ವಯಸ್ಸು 19, 20, 21. ಈಗ ಕೀಳ್ಸಿದ ದವಡೆ ಹಲ್ಲಿನ ಜಾಗ ಮುಂದಿನ ಐವತ್ತು ವರ್ಷ ಖಾಲಿ ಇರ್ತದೆ, ಇಲ್ಲಾ ದೊಡ್ಡ ದುಡ್ಡು ಕೊಟ್ಟು ತುಂಬ್ಸಬೇಕು. ಕ್ಲಾಸಲ್ಲೇ ಒಂದು ಸಲ ಸುತ್ತ ನೋಡಿ. ಒಂದೇ ಕಡೆ ಅಗಿಯೋರು ಎಷ್ಟು ಜನ? ಐಸ್‌ಕ್ರೀಂ ತಿಂದು "ಸ್ಸ್" ಅನ್ನೋರು ಎಷ್ಟು ಜನ? ನಗುವಾಗ ಕೈ ಅಡ್ಡ ಹಿಡಿಯೋರು ಎಷ್ಟು ಜನ?

ಹುಳುಕು ಹಲ್ಲನ್ನ ಬಹುತೇಕ ಸಲ ಉಳಿಸಬಹುದು. ಸಣ್ಣದಿದ್ರೆ ಫಿಲ್ಲಿಂಗ್, ಆಳಕ್ಕೆ ಹೋಗಿದ್ರೆ ರೂಟ್ ಕೆನಾಲ್. ಕೀಳೋದು ಕೊನೆಯ ದಾರಿ ಆಗ್ಬೇಕು, ಮೊದಲನೇ ಸಲಹೆ ಅಲ್ಲ. ಎಂಟು ಪೋಸ್ಟಲ್ಲಿ ಇದನ್ನೇ ವಾದ ಮಾಡ್ತೇನೆ. ನಾನು ಡಾಕ್ಟರ್ ಅಲ್ಲ, ಬಿಕಾಂ. ಹಾಗಾಗಿ ಲೆಕ್ಕನೂ ಹಾಕ್ತೇನೆ.

ಭಾಗ 2/8: ಹುಳ ಇಲ್ಲ, ಹುಳ ತೆಗೆಯೋರು ಇದ್ದಾರೆ

ನಮ್ಮ ಭಾಷೆಯೇ ನಮಗೆ ಮೋಸ ಮಾಡಿದೆ. "ಹುಳುಕು ಹಲ್ಲು" ಅಂತೇವೆ, "ಹಲ್ಲಿಗೆ ಹುಳ ಬಿದ್ದಿದೆ" ಅಂತೇವೆ. ಹೀಗೆ ನಂಬಿದ್ದು ನಾವು ಮಾತ್ರ ಅಲ್ಲ. ಸಾವಿರಾರು ವರ್ಷದ ಹಿಂದೆ ಬ್ಯಾಬಿಲೋನಿನವರೂ ಹಲ್ಲಲ್ಲಿ ಹುಳ ಇದೆ ಅಂತಲೇ ನಂಬಿದ್ರು. ಫ್ರಾನ್ಸಿನ ಪಿಯೆರ್ ಫೋಶಾರ್ ಎಂಬ ದಂತವೈದ್ಯ 1728ರಲ್ಲಿ ಬರೆದ ದೊಡ್ಡ ಪುಸ್ತಕದಲ್ಲಿ ಈ ಹುಳದ ಕಥೆಯನ್ನ ಒಪ್ಪಲಿಲ್ಲ. ಅಂದ್ರೆ ಸುಮಾರು ಮುನ್ನೂರು ವರ್ಷದ ಹಿಂದೆಯೇ ಮುಗಿದ ಚರ್ಚೆ ಇದು. ಆದ್ರೂ ಬೀಜದ ಹೊಗೆ ಕೊಟ್ಟು "ನೋಡಿ, ಹುಳ ಬಿತ್ತು" ಅಂತ ತೋರ್ಸೋರ ಹತ್ರ ಇವತ್ತಿಗೂ ಜನ ಹೋಗ್ತಾರೆ.

ನಿಜವಾಗಿ ಆಗೋದು ಇದು. ಬಾಯಲ್ಲಿ ಬ್ಯಾಕ್ಟೀರಿಯಾ ಇದಾವೆ. ನಾವು ತಿಂದ ಸಕ್ಕರೆಯನ್ನ ಅವು ತಿಂದು ಆಮ್ಲ ಬಿಡ್ತಾವೆ. ಆ ಆಮ್ಲ ಹಲ್ಲಿನ ಮೇಲ್ಪದರ ಎನಾಮೆಲ್‌ನಿಂದ ಖನಿಜ ಕರಗಿಸ್ತದೆ. ಇದನ್ನ 1890ರಲ್ಲೇ ಡಬ್ಲ್ಯೂ. ಡಿ. ಮಿಲ್ಲರ್ ಎಂಬ ವಿಜ್ಞಾನಿ ವಿವರಿಸಿದ್ದ. ಎನಾಮೆಲ್ ನಮ್ಮ ದೇಹದ ಅತಿ ಗಟ್ಟಿ ವಸ್ತು, ತೂಕದಲ್ಲಿ ಸುಮಾರು 96 ಪರ್ಸೆಂಟ್ ಖನಿಜ. ಆದ್ರೆ ಅದರೊಳಗೆ ಜೀವಕೋಶ ಇಲ್ಲ. ಚರ್ಮ ಕಿತ್ರೆ ಬೆಳೀತದೆ, ಮೂಳೆ ಮುರಿದ್ರೆ ಕೂಡ್ತದೆ. ಎನಾಮೆಲ್‌ಗೆ ತೂತು ಬಿದ್ರೆ ಅದು ತಾನಾಗಿ ಮುಚ್ಚೋದಿಲ್ಲ.

ತೂತು ಬೀಳೋಕೆ ಮೊದಲು ಬಿಳಿ ಕಲೆ ಆಗ್ತದೆ. ಆ ಹಂತದಲ್ಲಿ ಫ್ಲೋರೈಡ್ ಪೇಸ್ಟ್, ಸಕ್ಕರೆ ಕಡಿಮೆ ಮಾಡೋದು, ಇಷ್ಟರಿಂದ ಅದನ್ನ ತಡೆಯಬಹುದು. ತೂತು ಬಿದ್ದ ಮೇಲೆ ಎಣ್ಣೆ ಮುಕ್ಕಳಿಸಿದ್ರೂ ಇಲ್ಲ, ಉಪ್ಪು ತಿಕ್ಕಿದ್ರೂ ಇಲ್ಲ. "ಮನೆಯಲ್ಲೇ ಹುಳುಕು ವಾಸಿ ಮಾಡಿ" ಅನ್ನೋ ರೀಲ್ ನೋಡಿದ್ರೆ ದಯವಿಟ್ಟು ಶೇರ್ ಮಾಡ್ಬೇಡಿ.

ಇನ್ನೊಂದು ವಿಷಯ. ಒಂದೇ ಸಲ ಕೂತು ಎರಡು ಲಾಡು ತಿನ್ನೋದಕ್ಕಿಂತ, ದಿನಪೂರ್ತಿ ಗಂಟೆಗೊಂದು ಸಿಹಿ ಚಹಾ, ಮಧ್ಯೆ ಒಂದು ಚಾಕ್ಲೇಟು, ಒಂದು ಕೂಲ್ ಡ್ರಿಂಕ್ ಕುಡಿಯೋದು ಹಲ್ಲಿಗೆ ಹೆಚ್ಚು ಕೆಟ್ಟದ್ದು. ಪ್ರತಿ ಸಲವೂ ಆಮ್ಲದ ದಾಳಿ ಹೊಸದಾಗಿ ಶುರು. ಇಂಟರ್ನಲ್ ಪರೀಕ್ಷೆ ವಾರದಲ್ಲಿ ನಾವು ಹೇಗೆ ಓದ್ತೇವೆ ಅಂತ ನೆನಪು ಮಾಡ್ಕೊಳ್ಳಿ.

ಭಾಗ 3/8: ನೋವಿಲ್ಲ ಅಂದ್ರೆ ಅದೇ ಸರಿಯಾದ ಹೊತ್ತು

"ನೋವಿಲ್ಲ, ಮತ್ತೆ ಎಂತಕ್ಕೆ ಡಾಕ್ಟರ್ ಹತ್ರ ಹೋಗ್ಬೇಕು?"

ಹಲ್ಲಿನ ವಿಷಯದಲ್ಲಿ ಇದಕ್ಕಿಂತ ದುಬಾರಿ ಪ್ರಶ್ನೆ ಇಲ್ಲ. ಎನಾಮೆಲ್‌ಗೆ ನರ ಇಲ್ಲ, ಹಾಗಾಗಿ ಅದು ಹಾಳಾಗುವಾಗ ಗೊತ್ತೇ ಆಗೋದಿಲ್ಲ. ಅದರ ಕೆಳಗಿನ ಡೆಂಟಿನ್ ಪದರಕ್ಕೆ ಬಂದಾಗ ತಣ್ಣಗಿನದು, ಸಿಹಿ ತಾಗಿದ್ರೆ ಜುಂ ಅಂತದೆ. ಇನ್ನೂ ಒಳಗೆ ತಿರುಳು ಇದೆ, ರಕ್ತನಾಳ, ನರ ಎಲ್ಲ ಇರೋ ಜಾಗ. ಅಲ್ಲಿಗೆ ಮುಟ್ಟಿದಾಗ ರಾತ್ರಿ ಎರಡು ಗಂಟೆಗೆ ದಿಂಬು ಕಚ್ಚಿ ಅಳೋ ನೋವು. ಅಂದ್ರೆ ಆ ನೋವು ಮೊದಲ ನೋಟಿಸ್ ಅಲ್ಲ, ಹೆಚ್ಚುಕಡಿಮೆ ಕೊನೆಯ ನೋಟಿಸ್.

ತಿರುಳಿಗೆ ಹೋಗೋಕೆ ಮೊದಲು ಹಿಡಿದ್ರೆ ಫಿಲ್ಲಿಂಗ್ ಸಾಕು. ಕೊಳೆತ ಭಾಗ ತೆಗೀತಾರೆ, ಸ್ವಚ್ಛ ಮಾಡ್ತಾರೆ, ತುಂಬ್ತಾರೆ. ಸಾಮಾನ್ಯವಾಗಿ ಒಂದೇ ಸಲದ ಕೆಲಸ. ನಮ್ಮ ಅಪ್ಪ ಅಮ್ಮನ ಕಾಲದ ಬೆಳ್ಳಿ ಬಣ್ಣದ ಫಿಲ್ಲಿಂಗ್ ಇತ್ತಲ್ಲ, ಅದು ಅಮಾಲ್ಗಂ, ಪಾದರಸ ಬೆರೆಸಿದ ಲೋಹ. ಗಟ್ಟಿ ಇತ್ತು. ಪಾದರಸದ ಬಳಕೆ ತಗ್ಗಿಸೋ 2013ರ ಮಿನಮಾಟಾ ಒಪ್ಪಂದದ ನಂತರ ಜಗತ್ತೇ ಅದನ್ನ ಬಿಡ್ತಾ ಬಂದಿದೆ. ಈಗ ಹೆಚ್ಚಾಗಿ ಹಲ್ಲಿನ ಬಣ್ಣದ ಕಾಂಪೋಸಿಟ್, ಇಲ್ಲಾ ಗ್ಲಾಸ್ ಅಯೊನೊಮರ್ ಸಿಮೆಂಟ್. ಈ ಗ್ಲಾಸ್ ಅಯೊನೊಮರನ್ನ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೇ ಸೇರಿಸಿದೆ. ಅಂದ್ರೆ ಹಲ್ಲು ತುಂಬ್ಸೋದು ಶೋಕಿ ಅಲ್ಲ, ಅಗತ್ಯ ಅಂತ ಜಗತ್ತು ಒಪ್ಪಿದೆ. ನಮ್ಮ ಮನೆಯವರು ಇನ್ನೂ ಒಪ್ಪಿಲ್ಲ.

ಮನೆಯಲ್ಲಿ ತಮ್ಮ ತಂಗಿ ಇದ್ದಾರಾ? ಅವರಿಗೆ ಸುಮಾರು 6 ವರ್ಷ ಆದಾಗ ಹಿಂದೆ ಒಂದು ದವಡೆ ಹಲ್ಲು ಬರ್ತದೆ. ಯಾವ ಹಾಲು ಹಲ್ಲೂ ಬೀಳದೆ, ಸದ್ದಿಲ್ಲದೆ ಬರ್ತದೆ. ಅದು ಶಾಶ್ವತ ಹಲ್ಲು. "ಹಾಲು ಹಲ್ಲು, ಬಿದ್ದು ಹೋಗ್ತದೆ" ಅಂತ ಬಿಟ್ಟು ಬಿಟ್ಟ ಹಲ್ಲು ಹೆಚ್ಚಾಗಿ ಅದೇ. ನಮ್ಮಲ್ಲಿ ಎಷ್ಟೋ ಜನರಿಗೆ ಹಾಳಾಗಿರೋದೂ ಅದೇ. ಇವತ್ತೇ ಟಾರ್ಚ್ ಹಾಕಿ ನೋಡಿ.

ಭಾಗ 4/8: ರೂಟ್ ಕೆನಾಲ್ ಅಂದ್ರೆ ಭೂತ ಅಲ್ಲ

ರೂಟ್ ಕೆನಾಲ್ ಬಗ್ಗೆ ಭಯಂಕರ ಕಥೆ ಹೇಳೋರಲ್ಲಿ ಅರ್ಧ ಜನ ಅದನ್ನ ಮಾಡ್ಸಿಕೊಂಡವರೇ ಅಲ್ಲ. ಉಳಿದ ಅರ್ಧ ಜನ ಹೇಳೋದು ಚಿಕಿತ್ಸೆಯ ನೋವಲ್ಲ, ಚಿಕಿತ್ಸೆಗೆ ಮೊದಲು ನಾಲ್ಕು ರಾತ್ರಿ ತಡ್ಕೊಂಡ ನೋವು.

ಒಳಗೆ ಎಂತ ಮಾಡ್ತಾರೆ? ಮೊದಲು ಇಂಜೆಕ್ಷನ್ ಕೊಟ್ಟು ಜೋಮು ಹಿಡಿಸ್ತಾರೆ. ಹಲ್ಲಿನ ಮೇಲೆ ಸಣ್ಣ ಬಾಗಿಲು ತೆಗೆದು ಕೊಳೆತ ತಿರುಳು ಹೊರಗೆ ತೆಗೀತಾರೆ. ಬೇರಿನೊಳಗೆ ಕೂದಲಿನಂಥ ಕಾಲುವೆ ಇರ್ತದೆ. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದು, ದವಡೆ ಹಲ್ಲಿಗೆ ಮೂರೋ ನಾಲ್ಕೋ. ಅದನ್ನ ತೆಳ್ಳಗಿನ ಫೈಲ್‌ಗಳಿಂದ ಉಜ್ಜಿ, ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಿಂದ ತೊಳೀತಾರೆ. ಆಮೇಲೆ ಗಟ್ಟಾ ಪರ್ಚಾ ಎಂಬ ವಸ್ತು ತುಂಬಿ ಮುಚ್ತಾರೆ. ಅದು ಮಲಯಾ ಕಡೆಯ ಮರದ ಹಾಲಿನಿಂದ ಬಂದದ್ದು, ರಬ್ಬರಿನ ಅಣ್ಣ ತಮ್ಮ ಇದ್ದ ಹಾಗೆ. ಮೇಲೆ ಫಿಲ್ಲಿಂಗ್, ಅದರ ಮೇಲೆ ಕ್ಯಾಪ್.

ನರವೇ ಹೋದ ಮೇಲೆ ಹಲ್ಲು ಸತ್ತ ಹಾಗಲ್ದಾ? ಅಲ್ಲ. ಬೇರಿನ ಹೊರಗಡೆ ಮೂಳೆಗೆ ಹಿಡ್ಕೊಂಡಿರೋ ಪದರ ಜೀವಂತ ಇರ್ತದೆ. ಅಗಿಯೋಕೆ ಅದು ಸಾಕು.

ಈಗ ಇಲ್ಲಿನ ಜನ ಹೇಳೋ ಎರಡು ಮಾತು.

"ಮೇಲಿನ ಹಲ್ಲಿಗೆ ಕೈ ಹಾಕಿದ್ರೆ ಕಣ್ಣು ಹೋಗ್ತದೆ." ಹಲ್ಲಿನ ನರ ಬೇರೆ, ಕಣ್ಣು ಕಾಣಿಸೋ ನರ ಬೇರೆ. ತಮಾಷೆ ಅಂದ್ರೆ ಇದನ್ನ ಹೇಳೋರೇ ಕೆಳಗಿನ ಹಲ್ಲನ್ನ "ಕೀಳ್ಸಿ ಬಿಡು" ಅಂತಾರೆ.

"ರೂಟ್ ಕೆನಾಲ್ ಮಾಡ್ಸಿದ್ರೂ ಹಲ್ಲು ಹೋಯ್ತು." ಇದು ಕೆಲವು ಸಲ ನಿಜ. ಎಂತಕ್ಕೆ ಅಂತ ಕೇಳಿ. ಮೊದಲ ಸಲಕ್ಕೇ ನೋವು ನಿಂತಿತು, ಎರಡನೇ ಸಲಕ್ಕೆ ಹೋಗ್ಲೇ ಇಲ್ಲ. ಇಲ್ಲಾ ಎಲ್ಲ ಮುಗಿಸಿ ಕ್ಯಾಪಿಗೆ ದುಡ್ಡು ಎಂತಕ್ಕೆ ಅಂತ ಬಿಟ್ರು. ಒಳಗೆ ಟೊಳ್ಳಾದ ದವಡೆ ಹಲ್ಲಿಗೆ ಕ್ಯಾಪ್ ಇಲ್ಲ ಅಂದ್ರೆ ಒಂದು ದಿನ ಸೀಳಿ ಹೋಗೋ ಸಾಧ್ಯತೆ ಹೆಚ್ಚು. ಅರ್ಧ ಸೇತುವೆ ಕಟ್ಟಿ ಹೊಳೆ ದಾಟೋಕೆ ಆಗ್ಲಿಲ್ಲ ಅಂದ ಹಾಗೆ ಇದು.

ಭಾಗ 5/8: ಬನ್ನಿ, ಲೆಕ್ಕ ಹಾಕೋಣ

ಬಿಕಾಂನವರಿಗೆ ಇದು ಮೊದಲ ಸೆಮಿಸ್ಟರಿನ ಪಾಠ. ಯಂತ್ರಕ್ಕೆ ಕಾಲಕಾಲಕ್ಕೆ ಮಾಡೋ ರಿಪೇರಿ ರೆವೆನ್ಯೂ ಖರ್ಚು, ಸಣ್ಣದು. ಅದನ್ನ ಉಳಿಸೋಕೆ ಹೋಗಿ ಯಂತ್ರವೇ ಹಾಳಾಗಿ ಹೊಸದು ತಂದ್ರೆ ಅದು ಕ್ಯಾಪಿಟಲ್ ಖರ್ಚು, ದೊಡ್ಡದು. ರಿಪೇರಿ ದುಡ್ಡು ಉಳಿಸಿದೆ ಅಂತ ಲಾಭ ತೋರ್ಸಿದ ಕಂಪನಿಯನ್ನ ನಾವು ಪರೀಕ್ಷೆಲಿ ಬೈದು ಬರೀತೇವೆ.

ಹಲ್ಲಿನ ಪುಸ್ತಕ ತೆಗೀರಿ. ದರ ಊರಿಂದ ಊರಿಗೆ, ಕ್ಲಿನಿಕ್ಕಿಂದ ಕ್ಲಿನಿಕ್ಕಿಗೆ ಬೇರೆ. ಆದ್ರೆ ಅಂದಾಜು ಸೊನ್ನೆಗಳನ್ನ ನೋಡಿ.

ಸಣ್ಣ ಫಿಲ್ಲಿಂಗ್: ಹೆಚ್ಚಾಗಿ ನೂರುಗಳಲ್ಲಿ, ಜಾಸ್ತಿ ಅಂದ್ರೆ ಸಾವಿರದ ಆಸುಪಾಸು.
ರೂಟ್ ಕೆನಾಲ್ ಮತ್ತು ಕ್ಯಾಪ್: ಕೆಲವು ಸಾವಿರ.
ಕೀಳೋದು: ನೂರುಗಳಲ್ಲಿ.
ಕಿತ್ತ ಜಾಗಕ್ಕೆ ಬ್ರಿಡ್ಜ್: ಮತ್ತೆ ಸಾವಿರಗಳು.
ಇಂಪ್ಲಾಂಟ್: ಹತ್ತು ಸಾವಿರಗಳ ಲೆಕ್ಕ.

"ಕೀಳ್ಸಿದ್ರೆ ಅಗ್ಗ" ಅನ್ನೋರು ಮೂರನೇ ಸಾಲಿಗೇ ಪುಸ್ತಕ ಮುಚ್ತಾರೆ. ಪುಟ ತಿರುಗಿಸಿ. ಹಲ್ಲು ಕಿತ್ತ ಜಾಗಕ್ಕೆ ಪಕ್ಕದ ಹಲ್ಲು ಮೆಲ್ಲಗೆ ವಾಲ್ತದೆ. ಎದುರಿನ ಹಲ್ಲಿಗೆ ತಡೆ ಇಲ್ಲದೆ ಅದು ಉದ್ದ ಬರ್ತದೆ. ಸಂದಿಲಿ ಊಟ ಸಿಕ್ಕಿ ಪಕ್ಕದ್ದೂ ಹುಳುಕಾಗ್ತದೆ. ಹಲ್ಲಿಲ್ಲದ ಕಡೆ ದವಡೆ ಮೂಳೆ ಕರಗ್ತದೆ. ಬ್ರಿಡ್ಜ್ ಹಾಕ್ಬೇಕು ಅಂದ್ರೆ ಅಕ್ಕಪಕ್ಕದ ಎರಡು ಹಲ್ಲು ಗಟ್ಟಿ ಇದ್ರೂ ಅವನ್ನ ಸುತ್ತಲೂ ತಿಕ್ಕಿ ಸಣ್ಣ ಮಾಡ್ಬೇಕು. ಒಂದು ಹಲ್ಲಿನ "ಉಳಿತಾಯ"ಕ್ಕೆ ಮೂರು ಹಲ್ಲು ಜಾಮೀನು.

ಹಾಗಂತ ಎಲ್ಲ ಹಲ್ಲೂ ಉಳೀತದೆ ಅಂತ ನಾನು ಹೇಳೋದಿಲ್ಲ. ಬೇರಿನವರೆಗೆ ಸೀಳಿದ ಹಲ್ಲು, ಸುತ್ತಲಿನ ಮೂಳೆ ಕರಗಿ ಅಲ್ಲಾಡೋ ಹಲ್ಲು, ಅಡ್ಡ ಬೆಳೆದು ಕಾಡೋ ಬುದ್ಧಿ ಹಲ್ಲು, ಇವನ್ನ ಕೀಳ್ಸೋದೇ ಸರಿ. ಅದನ್ನ ಎಕ್ಸ್‌ರೇ ನೋಡಿ ಡಾಕ್ಟರ್ ಹೇಳ್ಲಿ. ಬಸ್ಸಲ್ಲಿ ಪಕ್ಕದ ಸೀಟಿನವರು ಹೇಳೋದು ಬೇಡ.

ಭಾಗ 6/8: ದುಡ್ಡಿಲ್ಲದವರು ಎಂತ ಮಾಡ್ಬೇಕು?

ಇಷ್ಟೊತ್ತು ಓದಿ ನಿಮಗೆ ಸಿಟ್ಟು ಬಂದಿರಬಹುದು. "ದುಡ್ಡಿದ್ರೆ ಯಾರು ಕೀಳ್ಸ್ತಾರೆ?" ಸರಿಯಾದ ಸಿಟ್ಟು. ಆದ್ರೆ ಅದನ್ನ ಹಲ್ಲಿನ ಮೇಲೆ ತೀರಿಸ್ಬೇಡಿ, ಸರ್ಕಾರದ ಕಡೆ ತಿರುಗಿಸಿ.

ಸಿದ್ದರಾಮಯ್ಯನವರು ಮೊದಲ ಸಲ ಮುಖ್ಯಮಂತ್ರಿ ಆಗಿದ್ದಾಗ ದಂತ ಭಾಗ್ಯ ಅಂತ ಯೋಜನೆ ಬಂತು. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಹಲ್ಲಿನ ಸೆಟ್. ಒಳ್ಳೆಯದೇ. ಹಲ್ಲಿಲ್ಲದ ಅಜ್ಜಿ ಮತ್ತೆ ಚಕ್ಕುಲಿ ಅಗಿದ್ರೆ ಯಾರಿಗೆ ಖುಷಿ ಇಲ್ಲ? ಆದ್ರೆ ಯೋಚನೆ ಮಾಡಿ. ಎಲ್ಲ ಹಲ್ಲು ಹೋದ ಮೇಲೆ ಸೆಟ್ ಕೊಡೋಕೆ ಭಾಗ್ಯ ಇದೆ. ಇಪ್ಪತ್ತನೇ ವಯಸ್ಸಿನಲ್ಲಿ ಆ ಹಲ್ಲು ಹೋಗದ ಹಾಗೆ ಮಾಡೋಕೆ ಯಾವ ಭಾಗ್ಯ ಇದೆ?

ವಿಮೆ ನೋಡಿ. ಸಾಮಾನ್ಯ ಆರೋಗ್ಯ ವಿಮೆ ಪಾಲಿಸಿಲಿ ಹಲ್ಲಿನ ಚಿಕಿತ್ಸೆ ಹೊರಗೆ, ಅಪಘಾತದಂಥ ಕಾರಣ ಇದ್ರೆ ಮಾತ್ರ ಒಳಗೆ. ಆಯುಷ್ಮಾನ್ ಭಾರತ್ ಕಾರ್ಡ್ ಮುಖ್ಯವಾಗಿ ಆಸ್ಪತ್ರೆಗೆ ಅಡ್ಮಿಟ್ ಆಗೋ ಕಾಯಿಲೆಗೆ ಕಟ್ಟಿದ್ದು. ಫಿಲ್ಲಿಂಗಿಗೆ ಯಾರೂ ಅಡ್ಮಿಟ್ ಆಗೋದಿಲ್ಲ. ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ಕಾಯಿಲೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಹೇಳ್ತದೆ. ಇಷ್ಟು ಜನರ ಕಾಯಿಲೆ ವಿಮೆಯವರಿಗೆ ಕಾಯಿಲೆಯೇ ಅಲ್ಲ!

ನಮ್ಮ ಉತ್ತರ ಕನ್ನಡದಲ್ಲಿ ಒಂದೂ ಡೆಂಟಲ್ ಕಾಲೇಜಿಲ್ಲ. ಕಲಿಯೋ ವಿದ್ಯಾರ್ಥಿಗಳು ಪ್ರೊಫೆಸರ್ ಕಣ್ಣೆದುರು ಕಡಿಮೆ ದರಕ್ಕೆ ಮಾಡೋ ಚಿಕಿತ್ಸೆ ಬೇಕು ಅಂದ್ರೆ ಧಾರವಾಡ ಹತ್ತಬೇಕು, ಮಣಿಪಾಲಕ್ಕೆ ಇಳೀಬೇಕು, ಇಲ್ಲಾ ಗಡಿ ದಾಟಿ ಗೋವಾದ ಬಾಂಬೋಳಿಗೆ ಹೋಗ್ಬೇಕು. ರೂಟ್ ಕೆನಾಲಿಗೆ ಎರಡು ಮೂರು ಸಲ ಹೋಗಬೇಕಾದ್ರೆ ಬಸ್ ಚಾರ್ಜ್ ಮತ್ತು ಹೋದ ಕೂಲಿ ಎಷ್ಟು? ದಿನಗೂಲಿಯವರು, ದೋಣಿಗೆ ಹೋಗೋರು ಕೀಳ್ಸಿ ಬರೋದು ದಡ್ಡತನದಿಂದ ಅಲ್ಲ. ಅವರಿಗೆ ಒಂದೇ ದಿನ ರಜೆ ಇದೆ.

2022ರ ಜುಲೈ ನೆನಪಿದೆಯಾ? ಹೊನ್ನಾವರದಿಂದ ಕುಂದಾಪುರಕ್ಕೆ ಹೋಗ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಲ್ಲಿ ಪಲ್ಟಿ ಆಗಿ ನಾಲ್ಕು ಜನ ಸತ್ರು. ಆವಾಗ ಇದೇ ಫೋನಿಂದ ಜಿಲ್ಲೆಯ ಜನ "ಆಸ್ಪತ್ರೆ ಇಲ್ಲ ಅಂದ್ರೆ ಓಟಿಲ್ಲ" ಅಂತ ಕೂಗಿದ್ರು. ಆ ಕೂಗಿನ ಪಟ್ಟಿಗೆ ಹಲ್ಲನ್ನೂ ಸೇರಿಸಿ. ಪ್ರತಿ ತಾಲೂಕು ಆಸ್ಪತ್ರೆಲಿ ಕೀಳೋ ಇಕ್ಕಳ ಮಾತ್ರ ಅಲ್ಲ, ಫಿಲ್ಲಿಂಗ್ ಸಾಮಾನು, ಎಕ್ಸ್‌ರೇ, ರೂಟ್ ಕೆನಾಲ್ ಮಾಡೋ ವ್ಯವಸ್ಥೆ ಬೇಕು. ಇದು ಭಿಕ್ಷೆ ಅಲ್ಲ, ನಮ್ಮ ತೆರಿಗೆ.

ಭಾಗ 7/8: "ಡಾಕ್ಟರು ದುಡ್ಡು ಹೊಡೀತಾರೆ" ಅನ್ನೋರಿಗೆ

ಹೊಡೆಯೋರು ಇದ್ದಾರೆ. ಎಲ್ಲ ವೃತ್ತಿಲೂ ಇದ್ದಾರೆ. ಅದಕ್ಕೆ ಮದ್ದು ಹೆದರಿ ಮನೇಲಿ ಕೂರೋದಲ್ಲ, ಪ್ರಶ್ನೆ ಕೇಳೋದು. ಕುರ್ಚಿ ಮೇಲೆ ಕೂತು ಬಾಯಿ ತೆರೆಯೋಕೆ ಮೊದಲೇ ಕೇಳಿ:

ಯಾವ ಹಲ್ಲು, ಎಕ್ಸ್‌ರೇಲಿ ತೋರ್ಸಿ.
ಫಿಲ್ಲಿಂಗಲ್ಲೇ ಮುಗೀತದಾ? ಇಲ್ಲ ಅಂದ್ರೆ ಎಂತಕ್ಕೆ?
ಎಷ್ಟು ಸಲ ಬರ್ಬೇಕು?
ಕ್ಯಾಪ್ ಸೇರಿ ಒಟ್ಟು ಎಷ್ಟು? ಕಂತಲ್ಲಿ ಕೊಡಬಹುದಾ?
ಬಿಲ್ ಕೊಡ್ತೀರಾ?

ಉತ್ತರ ಸರಿ ಅನ್ನಿಸದಿದ್ರೆ ಎಕ್ಸ್‌ರೇ ಹಿಡ್ಕೊಂಡು ಇನ್ನೊಬ್ಬರ ಹತ್ರ ಹೋಗಿ. ದುಡ್ಡು ಕೊಟ್ಟು ಪಡೆಯೋ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ವಿ. ಪಿ. ಶಾಂತಾ ಪ್ರಕರಣದಲ್ಲಿ ಹೇಳಿದೆ. ನಾವು ಬಿಸಿನೆಸ್ ಲಾದಲ್ಲಿ ಓದಿ ಮಾರ್ಕ್ಸ್ ತಗೊಂಡ ಕೇಸು. ಪರೀಕ್ಷೆಗೆ ಮಾತ್ರ ಅಲ್ಲ ಅದು.

ಮತ್ತೆ, ಡಾಕ್ಟರಿಗೆ ಕೊಡೋಕೆ ದುಡ್ಡಿಲ್ಲ ಅನ್ನೋರ ಜೇಬು ಒಂದು ಸಲ ನೋಡೋಣ. ಗುಟ್ಕಾ ಕರ್ನಾಟಕದಲ್ಲಿ 2013ರಿಂದ ನಿಷೇಧ. ಹಾಗಾಗಿ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಬೆರೆಸೋ ಕೆಲಸ ನಮ್ಮ ಹುಡುಗರದ್ದು. ದಿನಕ್ಕೆ ನಾಲ್ಕು ಜೋಡಿ, ವರ್ಷಕ್ಕೆ ಗುಣಿಸಿ. ಆ ದುಡ್ಡಲ್ಲಿ ಎಷ್ಟು ಫಿಲ್ಲಿಂಗ್ ಆಗ್ತದೆ ಅಂತ ನೀವೇ ಹೇಳಿ. ಬಾಯಿ ಕ್ಯಾನ್ಸರಿನ ಮಾತು ಬೇರೆ.

ಹುಡುಗಿಯರಿಗೂ ಒಂದು ಮಾತು. ರೀಲ್ ನೋಡಿ ಇದ್ದಿಲು ಪುಡಿ ತಿಕ್ಕೋದು, ನಿಂಬೆ ಹಚ್ಚೋದು ಬಿಡಿ. ಇದ್ದಿಲು ಎನಾಮೆಲ್ ಸವೆಸ್ತದೆ, ನಿಂಬೆ ಕರಗಿಸ್ತದೆ. ಒಳಗೆ ಹುಳುಕಿಟ್ಟು ಮೇಲೆ ಬಿಳಿ ಮಾಡೋದು ಅಂದ್ರೆ ಸೋರೋ ಮನೆಗೆ ಜೂನ್ ತಿಂಗಳಲ್ಲಿ ಬಣ್ಣ ಹೊಡೆದ ಹಾಗೆ.

ಲವಂಗ? ಅದರಲ್ಲಿ ಯೂಜಿನಾಲ್ ಇದೆ, ನಿಜವಾಗಿಯೂ ನೋವು ತಗ್ಗಿಸ್ತದೆ. ಜಿಂಕ್ ಆಕ್ಸೈಡ್ ಜೊತೆ ಅದನ್ನ ಕಲಸಿ ದಂತವೈದ್ಯರೇ ತಾತ್ಕಾಲಿಕ ಫಿಲ್ಲಿಂಗ್ ಮಾಡ್ತಾರೆ. ಅಜ್ಜಿ ಹೇಳಿದ್ದು ಅಷ್ಟರ ಮಟ್ಟಿಗೆ ಸರಿ. ಆದ್ರೆ ಲವಂಗ ನೋವು ನಿಲ್ಸ್ತದೆ, ಕೊಳೆಯೋದು ನಿಲ್ಸೋದಿಲ್ಲ. ಮೆಡಿಕಲ್ ಶಾಪಲ್ಲಿ ಕೇಳಿ ತಗೊಂಡ ಆಂಟಿಬಯೋಟಿಕ್ ಕೂಡ ಅಷ್ಟೇ. ಸತ್ತ ತಿರುಳಿಗೆ ರಕ್ತ ಹೋಗೋದಿಲ್ಲ, ಮಾತ್ರೆ ಅಲ್ಲಿಗೆ ಹೇಗೆ ಹೋಗ್ತದೆ? ವಸಡಿನ ಮೇಲೆ ಆಸ್ಪಿರಿನ್ ಗುಳಿಗೆ ಇಟ್ಕೊಳ್ಳೋದಂತೂ ಬೇಡವೇ ಬೇಡ, ಅದು ಚರ್ಮ ಸುಡ್ತದೆ.

ಭಾಗ 8/8: ಈ ವಾರ ಎಂತ ಮಾಡೋದು

"ನಮ್ಮ ಅಜ್ಜ ಬೇವಿನ ಕಡ್ಡಿಲಿ ತಿಕ್ಕಿ ತೊಂಬತ್ತು ವರ್ಷ ಹಲ್ಲು ಉಳಿಸ್ಕೊಂಡಿದ್ರು" ಅಂತ ಕಾಮೆಂಟ್ ಬರ್ತದೆ, ಗೊತ್ತಿದೆ. ನಿಮ್ಮ ಅಜ್ಜನಿಗೆ ನಮಸ್ಕಾರ. ಆದ್ರೆ ಅವರು ನಿಮ್ಮಷ್ಟು ಬಿಸ್ಕಿಟು, ಕೂಲ್ ಡ್ರಿಂಕ್ ನೋಡಿರ್ಲಿಲ್ಲ. ಮತ್ತೆ ಅವರ ಜೊತೆಯವರಲ್ಲಿ ಐವತ್ತಕ್ಕೇ ಬೊಚ್ಚು ಬಾಯಿ ಆದವರ ಕಥೆ ಯಾರೂ ಕಾಮೆಂಟಲ್ಲಿ ಹಾಕೋದಿಲ್ಲ.

ಮಾಡಬೇಕಾದ್ದು ಇಷ್ಟು.

1. ಕನ್ನಡಿ, ಮೊಬೈಲ್ ಟಾರ್ಚ್. ಹಿಂದಿನ ಹಲ್ಲು ನೋಡಿ. ಕಪ್ಪು ತೂತು, ಬಿಳಿ ಕಲೆ, ಊಟ ಸಿಕ್ಕೋ ಜಾಗ ಕಂಡ್ರೆ ಬರೆದಿಡಿ. ಹಲ್ಲುಗಳ ನಡುವಿನ ಹುಳುಕು ಕನ್ನಡಿಲಿ ಕಾಣೋದಿಲ್ಲ, ಹಾಗಾಗಿ ಏನೂ ಕಾಣದಿದ್ರೂ ಒಂದು ಸಲ ತೋರ್ಸಿ.

2. ಅಂಕೋಲಾದವರು ಮೊದಲು ತಾಲೂಕು ಆಸ್ಪತ್ರೆಲಿ, ಕಾರವಾರದವರು ಕ್ರಿಮ್ಸ್‌ಗೆ ಹೋಗಿ ದಂತ ವಿಭಾಗದಲ್ಲಿ ಕೇಳಿ. ಫಿಲ್ಲಿಂಗ್ ಮಾಡ್ತೀರಾ, ರೂಟ್ ಕೆನಾಲ್ ಮಾಡ್ತೀರಾ ಅಂತ ನೇರ ಕೇಳಿ. ಕೇಳೋರು ಇಲ್ಲ ಅಂದ್ರೆ ಬೇಡಿಕೆಯೇ ಇಲ್ಲ ಅಂತ ಮೇಲೆ ಬರೀತಾರೆ.

3. ರಾತ್ರಿ ಮಲಗೋಕೆ ಮೊದಲು ತಪ್ಪದೆ ಬ್ರಷ್. ಪೇಸ್ಟಲ್ಲಿ ಫ್ಲೋರೈಡ್ ಇದೆಯಾ ಅಂತ ಡಬ್ಬ ತಿರುಗಿಸಿ ಓದಿ. ಉಗಿದ ಮೇಲೆ ಬಾಯಿ ತುಂಬ ನೀರು ಹಾಕಿ ತೊಳೀಬೇಡಿ, ಫ್ಲೋರೈಡ್ ಸ್ವಲ್ಪ ಹೊತ್ತು ಇರ್ಲಿ.

4. ಈಗಾಗಲೇ ಅರ್ಧಕ್ಕೆ ಬಿಟ್ಟ ರೂಟ್ ಕೆನಾಲ್ ಇದ್ರೆ ನಾಳೆಯೇ ಫೋನ್ ಮಾಡಿ. ನಾಚ್ಕೆ ಬೇಡ, ಅವರಿಗೆ ನಿಮ್ಮಂಥೋರು ದಿನಾ ಸಿಗ್ತಾರೆ.

5. ಮುಖ ಊದಿದೆ, ಜ್ವರ ಇದೆ, ಬಾಯಿ ತೆರೆಯೋಕೆ ಇಲ್ಲಾ ನುಂಗೋಕೆ ಕಷ್ಟ ಅಂದ್ರೆ ಕಾಯ್ಬೇಡಿ. ಅದು ಹಲ್ಲಿನ ಮಾತಲ್ಲ, ಜೀವದ ಮಾತು. ಅದೇ ದಿನ ಆಸ್ಪತ್ರೆ.

6. ಮನೆಯಲ್ಲಿ ಯಾರಾದ್ರೂ "ಕೀಳ್ಸಿ ಬಿಡು" ಅಂದ್ರೆ ಜಗಳ ಬೇಡ. "ಒಂದು ಎಕ್ಸ್‌ರೇ ತೆಗ್ಸಿ ನೋಡೋಣ" ಅಂತ ಹೇಳಿ, ಜೊತೆಗೆ ಹೋಗಿ. ಎಷ್ಟೋ ಅಮ್ಮಂದಿರು ಹೋಗದೆ ಇರೋದು ಜೊತೆಗೆ ಬರೋರಿಲ್ಲ ಅಂತ.

ನಿಮ್ಮ ತಾಲೂಕು ಆಸ್ಪತ್ರೆಲಿ ಎಂತ ಸಿಕ್ತು, ಎಂತ ಸಿಗ್ಲಿಲ್ಲ, ಕಾಮೆಂಟಲ್ಲಿ ಬರೀರಿ. ಡಾಕ್ಟರ ಹೆಸರು ಬೇಡ, ವ್ಯವಸ್ಥೆ ಬಗ್ಗೆ ಬರೀರಿ. ಐವತ್ತು ಉತ್ತರ ಬಂದ್ರೆ ಒಟ್ಟು ಸೇರಿಸಿ ಒಂದು ಮನವಿ ಮಾಡಿ ಜಿಲ್ಲಾಧಿಕಾರಿ ಕಚೇರಿಗೆ ಕೊಡೋಣ. ಸಹಿ ಹಾಕೋಕೆ ಬರೋರು ಈಗಲೇ ಹೆಸರು ಹೇಳಿ.

#ಹಲ್ಲುಉಳಿಸಿ #ಕೀಳ್ಸಬೇಡಿ #ಕಾರವಾರ #ಅಂಕೋಲಾ #ಉತ್ತರಕನ್ನಡ #ಬಿಕಾಂಲೆಕ್ಕ